ಹತ್ತು ಕುರ್ಚಿ, ಒಂದು ಪ್ರಶ್ನೆ: ಊರಿನ ವಿಷಯಕ್ಕೆ ಚರ್ಚೆ ಕೂರಿಸುವ ಬಗೆ

ರಸ್ತೆ, ನೀರು, ಕಸ, ಬೀದಿದೀಪ, ಮೈದಾನ ಹೀಗೆ ಸುತ್ತಮುತ್ತಲಿನ ಯಾವುದೋ ಒಂದು ವಿಷಯಕ್ಕೆ ಹತ್ತು ಜನ ಸೇರಿ ಮಾತಾಡುವ ಚಿಕ್ಕ ಕೂಟಗಳು ಬಹುಪಾಲು ಕೆಡುವುದು ಜನ ಬಂದು ಕೂರುವ ಮೊದಲೇ. ಮಾತೇನೋ ಜೋರಾಗಿ ನಡೆಯುತ್ತದೆ, ಎಲ್ಲರೂ ತಲೆದೂಗುತ್ತಾರೆ, ಎದ್ದುಹೋಗುವಾಗ ‘ಒಳ್ಳೇ ಚರ್ಚೆ ಆಯ್ತು’ ಅನ್ನುತ್ತಾರೆ. ಎರಡು ದಿನ ಬಿಟ್ಟು ಏನು ತೀರ್ಮಾನವಾಯಿತು ಅಂತ ಕೇಳಿ ನೋಡಿ, ಇಬ್ಬರು ಒಂದೇ ಉತ್ತರ ಕೊಡುವುದಿಲ್ಲ. ಆಗ ನಡೆಸಿದವರು ‘ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲ’ ಅಂತ ಬೇಸರಪಟ್ಟುಕೊಳ್ಳುತ್ತಾರೆ. ಕೆಲಸ ಬಿಟ್ಟು ಬಂದು ಒಂದೂವರೆ ಗಂಟೆ ಕೂತವರಿಗೆ ಆಸಕ್ತಿ ಇಲ್ಲ ಅನ್ನುವುದು ಅನ್ಯಾಯದ ಮಾತು. ಅವರ ಮುಂದೆ ಇಟ್ಟ ಪ್ರಶ್ನೆ ಸಡಿಲವಾಗಿತ್ತು, ಅಷ್ಟೆ.

ಹಾಗಾಗಿ ಇಲ್ಲಿ ಅರ್ಧದಷ್ಟು ಮಾತು ಕೂಟಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಪ್ರಶ್ನೆಯನ್ನು ಬಿಗಿ ಮಾಡುವುದು

‘ನಮ್ಮ ಬಡಾವಣೆಯ ವಾಹನ ನಿಲುಗಡೆ ಸಮಸ್ಯೆ’ ಅನ್ನುವುದು ಭಾಷಣಕ್ಕೆ ಶೀರ್ಷಿಕೆಯಾದೀತು, ಚರ್ಚೆಗೆ ಪ್ರಶ್ನೆಯಾಗದು. ಅದನ್ನು ಕೇಳಿದವರು ತಮ್ಮ ತಮ್ಮ ಅನುಭವ ಹೇಳಿಕೊಳ್ಳಬಲ್ಲರು, ಒಬ್ಬರ ಅನುಭವಕ್ಕೆ ಇನ್ನೊಬ್ಬರು ಉತ್ತರ ಕೊಡಲಾರರು. ಅದೇ ವಿಷಯವನ್ನು ಹೀಗೆ ಕೇಳಿ: ‘ಶಾಲೆಯ ಮುಂದಿನ ರಸ್ತೆಯಲ್ಲಿ ಒಂದು ಬದಿಗೆ ಮಾತ್ರ ವಾಹನ ನಿಲ್ಲಿಸುವ ನಿಯಮ ತರಬೇಕೆಂಬ ಪ್ರಸ್ತಾವ ಬಂದಿದೆ. ಒಪ್ಪುವುದಾದರೆ ಯಾವ ಬದಿ, ಯಾವ ಹೊತ್ತಿಗೆ, ಯಾರಿಗೆ ವಿನಾಯಿತಿ?’ ಈಗ ಮಾತಿಗೆ ಹಿಡಿಕೆ ಸಿಕ್ಕಿತು. ಅಂಗಡಿಯವರಿಗೆ ಬೆಳಗ್ಗೆ ಸಾಮಾನು ಇಳಿಸುವ ಚಿಂತೆ, ಮಕ್ಕಳನ್ನು ಬಿಡಲು ಬರುವವರಿಗೆ ಅರ್ಧ ಗಂಟೆಯ ಚಿಂತೆ, ಮನೆಯವರಿಗೆ ರಾತ್ರಿಯ ಚಿಂತೆ. ಮೂರೂ ಒಂದೇ ಪ್ರಶ್ನೆಯೊಳಗೆ ಬಂದು ಕೂರುತ್ತವೆ.

ಪ್ರಶ್ನೆ ಬರೆದ ಮೇಲೆ ಅದಕ್ಕೆ ಮೂರು ವಿಷಯ ಕೇಳಬೇಕು. ಇದನ್ನು ನಿರ್ಧರಿಸುವವರು ಯಾರು, ಯಾವಾಗ ನಿರ್ಧರಿಸುತ್ತಾರೆ, ಇನ್ನೂ ನಿರ್ಧಾರವಾಗದೆ ಉಳಿದಿರುವ ಭಾಗ ಯಾವುದು. ಈ ಮೂರರಲ್ಲಿ ಯಾವುದಕ್ಕಾದರೂ ಉತ್ತರ ಸಿಗದಿದ್ದರೆ ಕೂಟವನ್ನು ಮುಂದೂಡಿ.

‘ಯಾರು’ ಅನ್ನುವುದೇ ಹೆಚ್ಚು ಜನ ಎಡವುವ ಜಾಗ. ನೋಡಲು ಒಂದೇ ರಸ್ತೆ. ಡಾಂಬರು ಒಂದು ಇಲಾಖೆಯದು, ಅದರಡಿಯ ಕೊಳವೆ ಇನ್ನೊಂದರದು, ಸಿಗ್ನಲ್ ಪೊಲೀಸರದು, ಬಸ್ಸು ನಿಲ್ಲುವ ಜಾಗ ಸಾರಿಗೆಯವರದು. ಮೇಲಿನ ಸರ್ಕಾರದ ಕೈಯಲ್ಲಿರುವ ರಸ್ತೆಯ ಅಗಲೀಕರಣವನ್ನು ಸ್ಥಳೀಯ ಸಂಸ್ಥೆ ಮಾಡಬೇಕೆಂದು ಒಂದೂವರೆ ಗಂಟೆ ಚರ್ಚಿಸಿ, ಮನವಿ ಬರೆದು, ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನುವ ಒಂದು ಸಾಲಿನ ಉತ್ತರ ಪಡೆದವರು ಎರಡನೇ ಕೂಟಕ್ಕೆ ಬರುವುದಿಲ್ಲ. ಕಚೇರಿಗೆ ಒಂದು ಫೋನು, ಬಜೆಟ್ ಪುಸ್ತಕದಲ್ಲಿ ಆ ಕಾಮಗಾರಿಯ ಸಾಲು, ಹಿಂದಿನ ಸಭೆಯ ನಡಾವಳಿ ಇಷ್ಟು ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕಡತ ಯಾವ ಮೇಜಿನ ಮೇಲಿದೆ ಅನ್ನುವ ಮಟ್ಟಕ್ಕೆ ತಿಳಿದುಕೊಳ್ಳಿ. ‘ಸರ್ಕಾರ’ ಅನ್ನುವ ಹೆಸರಿನ ಮೇಜು ಯಾವ ಕಚೇರಿಯಲ್ಲೂ ಇಲ್ಲ.

‘ಯಾವಾಗ’ ಅನ್ನುವುದೂ ಅಷ್ಟೇ ಮುಖ್ಯ. ಬಜೆಟ್ ಕರಡು ತಯಾರಾಗುವ ಮುನ್ನ, ಆಕ್ಷೇಪಣೆ ಸಲ್ಲಿಸುವ ಅವಧಿಯೊಳಗೆ, ಟೆಂಡರ್ ಕರೆಯುವ ಮೊದಲು ಸೇರಿದರೆ ಹತ್ತು ಜನರ ಮಾತಿಗೂ ಬೆಲೆ ಇರುತ್ತದೆ. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಶುರುವಾದ ಜನರ ಪಾಲುದಾರಿಕೆಯ ಬಜೆಟ್ (ನಗರದ ಹಣ ಯಾವುದಕ್ಕೆ ಖರ್ಚಾಗಬೇಕು ಅನ್ನುವುದರಲ್ಲಿ ನಿವಾಸಿಗಳೇ ಮಾತು ಹೇಳುವ ಪದ್ಧತಿ) ಜಗತ್ತಿನ ಗಮನ ಸೆಳೆದದ್ದರ ಹಿಂದೆ ಈ ಗುಟ್ಟೂ ಇತ್ತು: ಬಡಾವಣೆಯ ಸಭೆಗಳನ್ನು ಅಲ್ಲಿ ವರ್ಷದ ಬಜೆಟ್ ಪಂಚಾಂಗಕ್ಕೇ ಕಟ್ಟಿಹಾಕಿದ್ದರು. ಟೆಂಡರ್ ಆಗಿಹೋದ ಮೇಲೆ ‘ಬೇಕೋ ಬೇಡವೋ’ ಅಂತ ಚರ್ಚಿಸುವುದು ವ್ಯರ್ಥ. ಆಗಲೂ ಕೂಟ ಕರೆಯಬಹುದು, ಆದರೆ ಪ್ರಶ್ನೆ ಬದಲಾಗಬೇಕು: ಕೆಲಸದ ಗುಣಮಟ್ಟವನ್ನು ಯಾರು ನೋಡಿಕೊಳ್ಳುವುದು, ರಸ್ತೆ ಅಗೆದಿರುವಷ್ಟು ದಿನ ವಯಸ್ಸಾದವರು ಓಡಾಡುವುದು ಹೇಗೆ.

ಹೌದು-ಇಲ್ಲ ಅನ್ನುವ ಪ್ರಶ್ನೆಯನ್ನು ಆದಷ್ಟೂ ದೂರವಿಡಿ. ಅದು ಕೋಣೆಯನ್ನು ಮೊದಲ ಹತ್ತು ನಿಮಿಷದಲ್ಲೇ ಎರಡು ಪಾಳೆಯ ಮಾಡುತ್ತದೆ, ಆಮೇಲಿನ ಎಂಬತ್ತು ನಿಮಿಷ ಅವರವರ ಪಾಳೆಯ ಕಾಯುವುದರಲ್ಲೇ ಕಳೆಯುತ್ತದೆ. ‘ಯಾವ ಷರತ್ತಿನ ಮೇಲೆ’, ‘ಯಾವುದು ಮೊದಲು’, ‘ಎಷ್ಟರ ಮಟ್ಟಿಗೆ’ ಅನ್ನುವ ಪ್ರಶ್ನೆಗಳಲ್ಲಿ ಜನಕ್ಕೆ ಜರುಗಲು ಜಾಗ ಇರುತ್ತದೆ. ಕೊನೆಗೊಂದು ಪರೀಕ್ಷೆ: ಪ್ರಸ್ತಾವಕ್ಕೆ ಪರವಾಗಿರುವ ಒಬ್ಬರಿಗೆ, ವಿರೋಧವಾಗಿರುವ ಒಬ್ಬರಿಗೆ ಪ್ರಶ್ನೆಯನ್ನು ಮೊದಲೇ ಓದಿ ಹೇಳಿ. ಇಬ್ಬರೂ ‘ಸರಿ, ಇದನ್ನೇ ಕೇಳಬೇಕು’ ಅಂದರೆ ಪ್ರಶ್ನೆ ಸಿದ್ಧ. ಒಬ್ಬರು ಮಾತ್ರ ಮೆಚ್ಚಿದರೆ ಅದರಲ್ಲಿ ಎಲ್ಲೋ ನಿಮ್ಮ ಅಭಿಪ್ರಾಯ ನುಸುಳಿದೆ.

ಒಂದು ಪುಟದ ಹಾಳೆ

ಚರ್ಚೆಗೆ ಬರುವವರ ಕೈಯಲ್ಲಿ ಒಂದೇ ಹಾಳೆ ಇರಲಿ. ಎ4, ಒಂದೇ ಬದಿ, ಹದಿನಾಲ್ಕು ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರ. ಕನ್ನಡಕ ಮರೆತು ಬಂದವರೂ ಓದುವಂತಿರಬೇಕು. ಇಷ್ಟರಲ್ಲಿ ಕೂರಿಸಲಾಗದ ವಿಷಯವನ್ನು ಒಂದೂವರೆ ಗಂಟೆಯಲ್ಲೂ ಕೂರಿಸಲಾಗದು.

ಮೇಲೆ ಪ್ರಶ್ನೆ. ಅದರ ಕೆಳಗೆ ಮೂರು-ನಾಲ್ಕು ಸಾಲಿನಲ್ಲಿ ಈಗಿನ ಸ್ಥಿತಿ, ತಾರೀಖಿನ ಸಮೇತ. ಯಾರು, ಯಾವಾಗ ನಿರ್ಧರಿಸುತ್ತಾರೆ ಅನ್ನುವುದಕ್ಕೆ ಒಂದು ಸಾಲು. ನಡುವಿನ ಅರ್ಧ ಪುಟ ಮೂರು ಆಯ್ಕೆಗಳಿಗೆ. ಕೊನೆಯಲ್ಲಿ ‘ಇನ್ನೂ ಗೊತ್ತಾಗಬೇಕಾದದ್ದು’ ಅಂತ ಎರಡು ಸಾಲು. ಅಂಕಿ ಅಂಶ ಹಾಕಿದರೆ ಪಕ್ಕದಲ್ಲೇ ಅದು ಎಲ್ಲಿಂದ ಬಂತು ಅಂತ ಬರೆಯಿರಿ: ‘ಕಚೇರಿಯ ಅಂದಾಜು ಪಟ್ಟಿ’, ‘ನಿವಾಸಿಗಳು ಎಣಿಸಿದ್ದು, ಸೋಮವಾರ ಬೆಳಗ್ಗೆ 8ರಿಂದ 9’. ಮೂಲ ಬರೆಯದ ಅಂಕಿ ಚರ್ಚೆಯ ಇಪ್ಪತ್ತು ನಿಮಿಷ ತಿಂದುಹಾಕುತ್ತದೆ.

ಆಯ್ಕೆಗಳನ್ನು ಬರೆಯುವ ಕೆಲಸವೇ ಕಷ್ಟದ್ದು. ಪ್ರತಿ ಆಯ್ಕೆಗೂ ಸಿಗುವುದೇನು, ಕಳೆದುಕೊಳ್ಳುವುದೇನು ಎರಡನ್ನೂ ಹೇಳಬೇಕು, ಮೂರಕ್ಕೂ ಸಾಲುಗಳ ಲೆಕ್ಕ ಒಂದೇ ಇರಬೇಕು. ಮೇಲಿನ ವಾಹನ ನಿಲುಗಡೆಯದೇ ಉದಾಹರಣೆ ತೆಗೆದುಕೊಂಡರೆ ಹಾಳೆಯ ಮೇಲೆ ಅದು ಹೀಗೆ ಕಾಣುತ್ತದೆ:

‘ಒಂದು: ದಿನವಿಡೀ ಒಂದೇ ಬದಿ. ನಡೆದು ಹೋಗುವವರಿಗೆ, ಆಂಬುಲೆನ್ಸಿಗೆ ದಾರಿ ಸಿಗುತ್ತದೆ. ಆ ಬದಿಯ ಮನೆಯವರು ರಾತ್ರಿ ವಾಹನವನ್ನು ಬೇರೆ ಬೀದಿಯಲ್ಲಿ ಬಿಡಬೇಕಾಗುತ್ತದೆ.

ಎರಡು: ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ ಮಾತ್ರ ಒಂದೇ ಬದಿ. ನಿವಾಸಿಗಳಿಗೆ ತೊಂದರೆ ಕಡಿಮೆ. ದಿನಕ್ಕೆರಡು ಸಲ ಯಾರಾದರೂ ನಿಂತು ನೋಡಿಕೊಳ್ಳದಿದ್ದರೆ ನಿಯಮ ಫಲಕದ ಮೇಲಷ್ಟೇ ಉಳಿಯುತ್ತದೆ.

ಮೂರು: ನಿಯಮ ಬೇಡ, ಮಕ್ಕಳನ್ನು ಇಳಿಸುವ ಜಾಗವನ್ನು ಶಾಲೆಯ ಹಿಂದಿನ ಗೇಟಿಗೆ ಬದಲಿಸುವುದು. ಮುಂದಿನ ರಸ್ತೆಯಲ್ಲಿ ವಾಹನ ಕಡಿಮೆಯಾಗುತ್ತದೆ. ಹಿಂದಿನ ಬೀದಿಯವರಿಗೆ ಈಗ ಇಲ್ಲದ ಗದ್ದಲ ಶುರುವಾಗುತ್ತದೆ.’

ಯಾರೂ ಒಪ್ಪದ ಒಂದು ಆಯ್ಕೆಯನ್ನು ಲೆಕ್ಕಕ್ಕೆ ಸೇರಿಸಿ ನಿಮಗೆ ಬೇಕಾದದ್ದು ಗೆಲ್ಲುವಂತೆ ಮಾಡುವ ಚಾಳಿ ಬೇಡ. ಜನ ಅದನ್ನು ಥಟ್ಟನೆ ಹಿಡಿಯುತ್ತಾರೆ, ಆಮೇಲೆ ಹಾಳೆಯ ಮಿಕ್ಕ ಸಾಲುಗಳನ್ನೂ ನಂಬುವುದಿಲ್ಲ.

ಹಾಳೆಯನ್ನು ಮೂರು ದಿನ ಮೊದಲು ಕಳಿಸಿ. ವಾರ ಮೊದಲೇ ಹೋದದ್ದು ಮರೆತುಹೋಗುತ್ತದೆ, ಹಿಂದಿನ ರಾತ್ರಿ ಹೋದದ್ದನ್ನು ತೆರೆಯುವುದೇ ಇಲ್ಲ. ಅಷ್ಟು ಮಾಡಿಯೂ ಅರ್ಧ ಜನ ಓದದೆ ಬರುತ್ತಾರೆ ಅಂತ ಇಟ್ಟುಕೊಂಡು, ಬರುವವರ ಸಂಖ್ಯೆಗಿಂತ ನಾಲ್ಕು ಪ್ರತಿ ಹೆಚ್ಚು ತೆಗೆಸಿ. ಜೊತೆಗೆ ಆ ಜಾಗದ ಒಂದು ನಕ್ಷೆ, ಎ3 ಅಳತೆಯಲ್ಲಿ, ಮತ್ತೊಂದು ಪೆನ್ಸಿಲ್ಲು. ‘ಆ ತಿರುವು’, ‘ಈ ಕಂಬ’ ಅಂತ ಗಾಳಿಯಲ್ಲಿ ಕೈಯಾಡಿಸಿ ಹತ್ತು ನಿಮಿಷ ಹೋಗುವ ಕಡೆ ನಕ್ಷೆಯ ಮೇಲೆ ಬೆರಳಿಟ್ಟರೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ.

ಯಾರನ್ನು, ಎಷ್ಟು ಜನರನ್ನು

ಎಂಟರಿಂದ ಹನ್ನೆರಡು. ಲೆಕ್ಕ ಸರಳ: ತೊಂಬತ್ತು ನಿಮಿಷದಲ್ಲಿ ಆರಂಭಕ್ಕೂ ಮುಕ್ತಾಯಕ್ಕೂ ಇಪ್ಪತ್ತೈದು ಹೋದರೆ ಅರವತ್ತೈದು ಉಳಿಯುತ್ತದೆ. ಹತ್ತು ಜನರಿದ್ದರೆ ತಲೆಗೆ ಆರೂವರೆ ನಿಮಿಷ. ಇಪ್ಪತ್ತು ಜನರಾದರೆ ಮೂರು ನಿಮಿಷ ಹತ್ತಿರ, ಅಷ್ಟರಲ್ಲಿ ಒಬ್ಬರು ಇನ್ನೊಬ್ಬರಿಗೆ ಉತ್ತರ ಕೊಡುವುದು ಆಗದ ಮಾತು. ಇನ್ನೊಂದು ತೊಡಕೂ ಇದೆ. ತಾನಾಗಿ ಹರಿಯುವ ಮಾತುಕತೆ ನಾಲ್ಕು ಜನರಿಗಿಂತ ಹೆಚ್ಚಾದರೆ ಒಡೆದು ಕವಲಾಗುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಹತ್ತು ಜನರ ಕೂಟಕ್ಕೆ ಮಾತನ್ನು ದಾಟಿಸುವ ಒಬ್ಬರು ಬೇಕಾಗುವುದು ಇದಕ್ಕೇ. ಹದಿನಾರು ಜನ ಬಂದುಬಿಟ್ಟರೆ ಎಂಟೆಂಟರ ಎರಡು ಗುಂಪು ಮಾಡಿ, ಕೊನೆಯ ಇಪ್ಪತ್ತು ನಿಮಿಷಕ್ಕೆ ಸೇರಿಸಿ.

ಯಾರನ್ನು ಕರೆಯಬೇಕೆಂಬುದಕ್ಕೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಎಳೆಯಿರಿ: ಲಾಭ ಪಡೆಯುವವರು, ತೊಂದರೆ ಪಡುವವರು, ಬೇರೆ ಹೊತ್ತಿನಲ್ಲಿ ಅದೇ ಜಾಗ ಬಳಸುವವರು, ತಾವಾಗಿ ಎಂದೂ ಇಂಥ ಕಡೆ ಬರದವರು. ಮೂರನೆಯ ಸಾಲಿನಲ್ಲಿ ರಾತ್ರಿ ಪಾಳಿಯವರು, ಬೆಳಗಿನ ಜಾವ ಕಸ ಎತ್ತುವವರು ಬರುತ್ತಾರೆ. ನಾಲ್ಕನೆಯದರಲ್ಲಿ ಬಾಡಿಗೆಗೆ ಇರುವವರು, ಮನೆಯಲ್ಲಿ ಚಿಕ್ಕ ಮಗುವಿರುವವರು. ಪ್ರತಿ ಸಾಲಿನಿಂದಲೂ ಇಬ್ಬರು ಬೇಕು, ಒಬ್ಬರು ಸಾಲದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದಾಗ, ಕಣ್ಣಿಗೆ ಕಾಣುತ್ತಿದ್ದ ಸರಿಯುತ್ತರವನ್ನೂ ಬಿಟ್ಟು ಜನ ಗುಂಪಿನ ತಪ್ಪು ಉತ್ತರಕ್ಕೆ ವಾಲಿದರು. ಜೊತೆಗೆ ಇನ್ನೊಬ್ಬನೇ ಒಬ್ಬ ಸರಿಯುತ್ತರ ಹೇಳಿದಾಗ ಆ ವಾಲುವಿಕೆ ಬಹಳ ಇಳಿಯಿತು. ಒಂಬತ್ತು ಮನೆ ಮಾಲೀಕರ ನಡುವೆ ಒಬ್ಬರೇ ಬಾಡಿಗೆಯವರನ್ನು ಕೂರಿಸುವುದು ಅವರ ಬಾಯಿ ಹೊಲಿದಂತೆ.

ಒಂದೇ ಅಭಿಪ್ರಾಯದವರನ್ನು ಮಾತ್ರ ಕರೆಯುವುದು ಇನ್ನೂ ಕೆಟ್ಟದ್ದು, ಯಾಕೆಂದರೆ ಅಂಥ ಕೂಟ ತುಂಬಾ ಚೆನ್ನಾಗಿ ನಡೆದಂತೆ ಕಾಣುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ 2005ರಲ್ಲಿ ಸಂಶೋಧಕರು ರಾಜಕೀಯ ಒಲವು ಒಂದೇ ಆಗಿದ್ದವರನ್ನು ಐದರಿಂದ ಏಳು ಜನರ ಗುಂಪುಗಳಲ್ಲಿ ಕೂರಿಸಿ ಮಾತಾಡಿಸಿದರು. ಬೌಲ್ಡರ್ ಊರಿನ ಉದಾರವಾದಿಗಳು ಒಟ್ಟಿಗೆ, ಕೊಲೊರಾಡೊ ಸ್ಪ್ರಿಂಗ್ಸ್‌ನ ಸಂಪ್ರದಾಯವಾದಿಗಳು ಒಟ್ಟಿಗೆ. ಚರ್ಚೆ ಮುಗಿಯುವಷ್ಟರಲ್ಲಿ ಎರಡೂ ಕಡೆಯವರು ಮೊದಲಿಗಿಂತ ಬಿಗಿಯಾಗಿದ್ದರು, ಗುಂಪಿನೊಳಗಿನ ಚಿಕ್ಕಪುಟ್ಟ ಭಿನ್ನಾಭಿಪ್ರಾಯವೂ ಕರಗಿಹೋಗಿತ್ತು.

ಗುಂಪಿನಲ್ಲಿ ಹಾಕಿದ ಸಾಮಾನ್ಯ ಮೆಸೇಜು ಯಾವಾಗಲೂ ಬರುವವರನ್ನೇ ಕರೆತರುತ್ತದೆ. ಮೂರು-ನಾಲ್ಕನೆಯ ಸಾಲಿನವರಿಗೆ ಮನೆ ಬಾಗಿಲಿಗೆ ಹೋಗಿ, ಅಥವಾ ಫೋನು ಮಾಡಿ, ‘ನೀವು ರಾತ್ರಿ ಆ ದಾರಿಯಲ್ಲಿ ಬರುತ್ತೀರಲ್ಲ, ಆ ಹೊತ್ತಿನಲ್ಲಿ ಹೇಗಿರುತ್ತೆ ಅನ್ನೋದು ನಮಗ್ಯಾರಿಗೂ ಗೊತ್ತಿಲ್ಲ, ಅದನ್ನ ಹೇಳೋಕೆ ಬನ್ನಿ’ ಅಂತ ಕಾರಣ ಕೊಟ್ಟು ಕರೆಯಬೇಕು. ಹತ್ತು ಜನ ಬೇಕಿದ್ದರೆ ಹದಿನಾಲ್ಕು ಜನರಿಗೆ ಹೇಳಿ. ಹಿಂದಿನ ದಿನ ಸಂಜೆ ನೆನಪಿಸಿ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದನ್ನು ತಪ್ಪದೆ ತಿಳಿಸಿ. ಶುರುವಾಗುವ ಹೊತ್ತಿಗಿಂತ ಜನ ನೋಡುವುದು ಅದನ್ನೇ.

ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾವ ಪಕ್ಷಕ್ಕೂ ಸೇರದ, ವಿವಾದದಲ್ಲಿ ಪಾಲಿಲ್ಲದ ಜಾಗ. ಮೆಟ್ಟಿಲು ಹತ್ತಬೇಕಾಗಿಲ್ಲದಿದ್ದರೆ ಮೇಲು. ಹತ್ತಿರದಲ್ಲಿ ಶೌಚಾಲಯ ಇರಲಿ. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿ, ಬರುವವರಿಗಿಂತ ಹೆಚ್ಚಿನ ಕುರ್ಚಿಗಳನ್ನು ತೆಗೆದುಬಿಡಿ. ಖಾಲಿ ಕುರ್ಚಿಗಳಿದ್ದರೆ ಸಂಕೋಚದವರು ಹಿಂದಿನ ಸಾಲು ಮಾಡಿಕೊಂಡು ಕೂರುತ್ತಾರೆ. ಹೆಚ್ಚು ಮಾತಾಡುವವರು ಅಂತ ಮೊದಲೇ ಗೊತ್ತಿದ್ದವರನ್ನು ನಡೆಸುವವರ ಪಕ್ಕದಲ್ಲಿ ಕೂರಿಸಿ. ಎದುರಿಗೆ ಕೂತರೆ ಕಣ್ಣಿಗೆ ಕಣ್ಣು ಸಿಗುತ್ತದೆ, ಸಿಕ್ಕಾಗಲೆಲ್ಲ ಅವರು ಅದನ್ನು ‘ಹೇಳಿ’ ಅಂತಲೇ ಓದುತ್ತಾರೆ.

ತೊಂಬತ್ತು ನಿಮಿಷ

ಮೊದಲ ಐದು ನಿಮಿಷ ಎಲ್ಲರೂ ಮೌನವಾಗಿ ಹಾಳೆ ಓದುವುದಕ್ಕೆ. ಓದಿ ಬಂದವರಿಗೂ ಇದು ಬೇಕು, ಓದದೆ ಬಂದವರಿಗೆ ಮರ್ಯಾದೆ ಉಳಿಯುತ್ತದೆ. ತಡವಾಗಿ ಬರುವವರೂ ಇಷ್ಟರಲ್ಲಿ ಬಂದು ಸೇರಿಕೊಳ್ಳುತ್ತಾರೆ.

ಆಮೇಲೆ ಹೆಸರು, ಆ ಜಾಗಕ್ಕೂ ತಮಗೂ ಏನು ಸಂಬಂಧ ಅನ್ನುವ ಒಂದು ವಾಕ್ಯ. ಹುದ್ದೆ, ಪದವಿ, ಸಂಘದ ಸ್ಥಾನಮಾನ ಬೇಡ. ‘ನಿವೃತ್ತ ಮುಖ್ಯ ಇಂಜಿನಿಯರ್’ ಅಂತ ಒಬ್ಬರು ಶುರು ಮಾಡಿದರೆ ಅವರ ನಂತರದ ನಾಲ್ವರು ಅರ್ಧ ಮಾತು ನುಂಗಿಕೊಳ್ಳುತ್ತಾರೆ. ನಿಯಮ ಮೂರೇ ಸಾಕು. ಒಂದು ಸರದಿಗೆ ಎರಡು ನಿಮಿಷ. ಮೊಬೈಲಿನಲ್ಲಿ ರೆಕಾರ್ಡಿಂಗ್ ಇಲ್ಲ. ಇಲ್ಲಿ ಕೇಳಿದ ವಿಷಯವನ್ನು ಹೊರಗೆ ಹೇಳಬಹುದು, ಯಾರು ಹೇಳಿದರು ಅನ್ನುವುದನ್ನು ಹೇಳಬಾರದು. ಮೂರನೆಯದು ಅಂತರರಾಷ್ಟ್ರೀಯ ವಿಷಯಗಳನ್ನು ಚರ್ಚಿಸುವ ಲಂಡನ್ನಿನ ಚಾಟಮ್ ಹೌಸ್ ಸಂಸ್ಥೆ 1927ರಲ್ಲಿ ಮಾಡಿಕೊಂಡ ನಿಯಮ. ರಾಜತಾಂತ್ರಿಕರಿಗಾಗಿ ಹುಟ್ಟಿದ್ದು ಅಕ್ಕಪಕ್ಕದ ಮನೆಯವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ರಾಜತಾಂತ್ರಿಕರು ಮರುದಿನ ಒಂದೇ ನಲ್ಲಿಯ ನೀರಿಗೆ ನಿಲ್ಲಬೇಕಾಗಿಲ್ಲ.

ಹನ್ನೆರಡನೇ ನಿಮಿಷದ ಹೊತ್ತಿಗೆ ಪ್ರತಿಯೊಬ್ಬರಿಗೂ ಒಂದು ಚೀಟಿ, ಒಂದು ಪೆನ್ನು ಕೊಟ್ಟು ಮೂರು ನಿಮಿಷ ಬರೆಯಲು ಬಿಡಿ. ಆಮೇಲೆ ಸರದಿಯಂತೆ ಒಬ್ಬೊಬ್ಬರು ಒಂದೊಂದೇ ಅಂಶ ಓದಲಿ, ಯಾರೂ ನಡುವೆ ಉತ್ತರ ಕೊಡಬಾರದು. ಡೆಲ್ಬೆಕ್ ಮತ್ತು ವಾನ್ ಡಿ ವೆನ್ ಅನ್ನುವ ಸಂಶೋಧಕರು 1971ರಲ್ಲಿ ವಿವರಿಸಿದ ಈ ಕ್ರಮ ಇವತ್ತಿಗೂ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮೊದಲು ಮಾತಾಡಿದವರ ಹಿಂದೆ ಎಲ್ಲರೂ ಹೋಗುವುದನ್ನು ಇದು ತಡೆಯುತ್ತದೆ, ಯಾಕೆಂದರೆ ಚೀಟಿಯಲ್ಲಿ ಬರೆದದ್ದನ್ನು ಬದಲಿಸಿ ಓದಲು ಮುಜುಗರ. ಬರೆಯಲು ಹಿಂಜರಿಯುವವರು ಇರುತ್ತಾರೆ. ‘ಬರೆದುಕೊಳ್ಳಿ, ಇಲ್ಲ ಮನಸ್ಸಿನಲ್ಲೇ ಒಂದು ಮಾತು ಆರಿಸಿಟ್ಟುಕೊಳ್ಳಿ’ ಅಂದರೆ ಸಾಕು, ಯಾರಿಗೆ ಅಕ್ಷರ ಬರುತ್ತದೆ ಯಾರಿಗೆ ಬರುವುದಿಲ್ಲ ಅನ್ನುವುದು ಬಯಲಾಗುವುದಿಲ್ಲ.

ಮೂವತ್ತೈದನೇ ನಿಮಿಷದಿಂದ ಎಪ್ಪತ್ತರವರೆಗೆ ನಿಜವಾದ ಚರ್ಚೆ, ಆಯ್ಕೆಗಳ ಮೇಲೆ. ಇಲ್ಲಿ ಕಾಡುವ ದೊಡ್ಡ ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಎಲ್ಲರಿಗೂ ಮೊದಲೇ ಗೊತ್ತಿದ್ದ ವಿಷಯವನ್ನೇ ಗುಂಪು ಮತ್ತೆ ಮತ್ತೆ ಮಾತಾಡುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರುವುದು ಹೊರಬರದೆ ಉಳಿಯುತ್ತದೆ. ಸ್ಟಾಸರ್ ಮತ್ತು ಟೈಟಸ್ ಅನ್ನುವ ಮನಶ್ಶಾಸ್ತ್ರಜ್ಞರು 1985ರಲ್ಲಿ ಇದನ್ನು ಪ್ರಯೋಗದಲ್ಲೇ ತೋರಿಸಿದರು. ಮಳೆ ಬಂದರೆ ರಸ್ತೆ ಕೆರೆಯಾಗುತ್ತದೆ ಅಂತ ಏಳು ಜನ ಹೇಳುತ್ತಾರೆ. ಮೂಲೆಯಲ್ಲಿ ಕೂತಿರುವ ಕೊಳಾಯಿ ಕೆಲಸದವರಿಗೆ ಮೋರಿಯ ಯಾವ ತಿರುವಿನಲ್ಲಿ ಹೂಳು ಕಟ್ಟಿದೆ ಅನ್ನುವುದು ಗೊತ್ತಿರುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ. ಸುಮಾರು ಅರ್ಧ ದಾರಿಯಲ್ಲಿ ಹೀಗೊಂದು ಸುತ್ತು ಹಾಕಿಸಿ: ‘ಇಲ್ಲಿ ಇನ್ನೂ ಯಾರೂ ಹೇಳದೇ ಇರೋ, ನಿಮಗೆ ಮಾತ್ರ ಗೊತ್ತಿರೋ ಒಂದು ವಿಷಯ ಹೇಳಿ.’ ನನ್ನ ಮಟ್ಟಿಗೆ ಇಡೀ ಕೂಟದಲ್ಲಿ ಒಂದೇ ಪ್ರಶ್ನೆಗೆ ಅವಕಾಶ ಇದ್ದರೆ ಉಳಿಸಿಕೊಳ್ಳಬೇಕಾದದ್ದು ಇದನ್ನೇ.

ಎಪ್ಪತ್ತಕ್ಕೆ ಚರ್ಚೆ ನಿಲ್ಲಿಸಿ, ಎಷ್ಟೇ ಸ್ವಾರಸ್ಯವಾಗಿದ್ದರೂ. ಕೊನೆಯ ಇಪ್ಪತ್ತು ನಿಮಿಷವನ್ನು ಮಾತು ಎಳೆದುಕೊಂಡು ಹೋದರೆ ಕೈಗೆ ಏನೂ ಸಿಗದ ಕೂಟವಾಗುತ್ತದೆ. ಗೋಡೆಗೆ ಮೂರು ಚಾರ್ಟ್ ಶೀಟು ಅಂಟಿಸಿಡಿ: ಒಪ್ಪಿದ್ದು, ಒಪ್ಪದೆ ಉಳಿದದ್ದು, ವಿಚಾರಿಸಬೇಕಾದದ್ದು. ಕೈಯೆತ್ತಿಸಿ ಮತ ಹಾಕಿಸಬೇಡಿ, ಆರು-ನಾಲ್ಕು ಅಂತ ಬಂದರೆ ನಾಲ್ವರು ಸೋತು ಮನೆಗೆ ಹೋಗುತ್ತಾರೆ. ಅದರ ಬದಲು ಪ್ರತಿ ಆಯ್ಕೆಗೂ ಎಲ್ಲರೂ ಒಟ್ಟಿಗೆ ಒಂದರಿಂದ ಐದು ಬೆರಳು ತೋರಿಸಲಿ. ಐದು ಅಂದರೆ ಪೂರ್ತಿ ಒಪ್ಪಿಗೆ, ಒಂದು ಅಂದರೆ ಸುತರಾಂ ಆಗದು. ಒಂದು, ಎರಡು ತೋರಿಸಿದವರನ್ನು ಮಾತ್ರ ಕೇಳಿ: ‘ಏನು ಬದಲಾದರೆ ನಿಮ್ಮ ಬೆರಳು ಮೂರಾಗುತ್ತೆ?’ ಷರತ್ತುಗಳು ಹುಟ್ಟುವುದು ಈ ಉತ್ತರದಲ್ಲೇ. ಒಮ್ಮತ ಬಂದೇ ತೀರಬೇಕೆಂಬ ಹಟ ಬೇಡ. ‘ಇಂಥ ವಿಷಯದಲ್ಲಿ ನಮ್ಮಲ್ಲಿ ಒಪ್ಪಿಗೆ ಇಲ್ಲ, ಕಾರಣ ಇದು’ ಅನ್ನುವ ಸಾಲು ನಿರ್ಧಾರ ಮಾಡುವವರಿಗೆ ಸುಳ್ಳು ಒಮ್ಮತಕ್ಕಿಂತ ಉಪಯುಕ್ತ.

ನಡೆಸುವವರ ಕೈಚಳಕ

ಸ್ವೀಡನ್ನಿನ ಲುಂಡ್ ಊರಿನಲ್ಲಿ 1902ರಲ್ಲಿ ಆಸ್ಕರ್ ಓಲ್ಸನ್ ಅಧ್ಯಯನ ವೃತ್ತಗಳನ್ನು (ಕೆಲವೇ ಜನ ಸೇರಿ ಒಂದು ವಿಷಯ ಓದಿ ಚರ್ಚಿಸುವ ಗುಂಪುಗಳನ್ನು) ಶುರು ಮಾಡಿದಾಗಿನಿಂದ ಈ ಬಗೆಯ ಕೂಟಗಳಲ್ಲಿ ಉಳಿದು ಬಂದ ಒಂದು ಪದ್ಧತಿ ಇದೆ: ನಡೆಸುವವರು ಮೇಷ್ಟ್ರಲ್ಲ, ವೃತ್ತದಲ್ಲಿ ಕೂತ ಇನ್ನೊಬ್ಬರು. ಅವರು ತಮ್ಮ ಅಭಿಪ್ರಾಯ ಹೇಳದಿರುವುದು ಒಳ್ಳೆಯದು. ವಿಷಯದ ಬಗ್ಗೆ ನಿಮಗೇ ಗಟ್ಟಿ ನಿಲುವಿದ್ದರೆ ನಡೆಸುವ ಕೆಲಸ ಬೇರೆಯವರಿಗೆ ಕೊಟ್ಟು, ನೀವು ಸುಮ್ಮನೆ ಒಂದು ಕುರ್ಚಿ ಹಿಡಿಯಿರಿ. ಎರಡನ್ನೂ ಮಾಡಲು ಹೋದವರ ಪಕ್ಷಪಾತ ಅವರಿಗೊಬ್ಬರಿಗೆ ಬಿಟ್ಟು ಮಿಕ್ಕೆಲ್ಲರಿಗೂ ಕಾಣುತ್ತದೆ. ಟಿಪ್ಪಣಿ ಬರೆಯುವವರು ಬೇರೆಯೇ ಇರಬೇಕು. ಒಬ್ಬರೇ ಬರೆಯುತ್ತ ನಡೆಸಿದರೆ ತಲೆ ತಗ್ಗಿಸಿದಾಗ ಎರಡು ಉಪಕತೆ ಶುರುವಾಗಿರುತ್ತವೆ.

ನಿಲ್ಲಿಸದೆ ಮಾತಾಡುವವರನ್ನು ತಡೆಯುವುದು ಹೇಗೆ ಅನ್ನುವುದೇ ಎಲ್ಲರ ಮೊದಲ ಭಯ. ಕೈ ಅಡ್ಡ ಹಿಡಿದು ‘ಸಾಕು’ ಅಂದರೆ ಅವಮಾನ. ಅವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಅವರದೇ ಮಾತನ್ನು ಹಿಡಿದುಕೊಳ್ಳಿ:

‘ಸರ್, ನೀವು ಹೇಳಿದ್ದರಲ್ಲಿ ಎರಡು ವಿಷಯ ಬರೆದುಕೊಂಡ್ವಿ. ರಾತ್ರಿ ವಾಹನ ಬಿಡೋಕೆ ಜಾಗ ಇಲ್ಲ ಅನ್ನೋದು ಒಂದು, ಹಿಂದೆ ಇಂಥದೇ ನಿಯಮ ತಂದು ಕೈಬಿಟ್ಟರು ಅನ್ನೋದು ಇನ್ನೊಂದು. ಸರಿ ತಾನೆ?’

‘ಹೌದು, ಅದರ ಜೊತೆಗೆ...’

‘ಆ ಎರಡನ್ನೂ ಶೀಟಿನ ಮೇಲೆ ಹಾಕಿದೀವಿ ನೋಡಿ. ರಾತ್ರಿ ವಿಷಯಕ್ಕೆ ಆ ಬದಿಯವರು ಏನಂತಾರೆ ಕೇಳೋಣ. ಮೇಡಂ, ನಿಮ್ಮ ಮನೆ ಅದೇ ಸಾಲಲ್ಲಿ ಬರುತ್ತಲ್ವಾ?’

ಬರೆದದ್ದು ಕಣ್ಣಿಗೆ ಕಾಣಬೇಕು ಅನ್ನುವುದು ಇಲ್ಲಿ ಮುಖ್ಯ. ಮಾತನ್ನು ಮತ್ತೆ ಮತ್ತೆ ಹೇಳುವವರು ಬಹಳ ಸಲ ಅದು ಯಾರ ಕಿವಿಗೂ ಬಿದ್ದಿಲ್ಲ ಅಂದುಕೊಂಡೇ ಹೇಳುತ್ತಿರುತ್ತಾರೆ.

ಮೌನಕ್ಕೆ ಹೆದರಬಾರದು. ತರಗತಿಗಳಲ್ಲಿ ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಗುರುತಿಸಿದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಮಾತಾಡುವ ಮಕ್ಕಳೂ ಹೆಚ್ಚಿದರು. ದೊಡ್ಡವರ ಕೂಟದಲ್ಲಿ ಐದು ಸೆಕೆಂಡು ಕಾಯಬಹುದು. ಮನಸ್ಸಿನಲ್ಲಿ ಎಣಿಸಿ, ಹಾಳೆಯ ಕಡೆ ನೋಡುತ್ತಿರಿ, ಯಾರ ಮುಖವನ್ನೂ ದಿಟ್ಟಿಸಬೇಡಿ.

ಇಂಥ ಅಂಕಿ ಸರಿ, ಇಂಥದು ತಪ್ಪು ಅಂತ ಇಬ್ಬರು ಜಗಳಕ್ಕೆ ಬಿದ್ದರೆ ಮೊಬೈಲು ತೆಗೆದು ಹುಡುಕಲು ಬಿಡಬೇಡಿ. ಇಬ್ಬರಿಗೂ ಬೇಕಾದ ಉತ್ತರ ಅದರಲ್ಲಿ ಸಿಗುತ್ತದೆ, ಅದೇ ತೊಂದರೆ. ‘ವಿಚಾರಿಸಬೇಕಾದದ್ದು’ ಶೀಟಿನ ಮೇಲೆ ಬರೆದು, ‘ಇದು ನೀವು ಹೇಳಿದಷ್ಟೇ ಇದ್ದರೆ ಏನು ಮಾಡಬೇಕು, ಅವರು ಹೇಳಿದಷ್ಟಿದ್ದರೆ ಏನು ಬದಲಾಗುತ್ತೆ?’ ಅಂತ ಕೇಳಿ. ಎಷ್ಟೋ ಸಲ ಏನೂ ಬದಲಾಗುವುದಿಲ್ಲ, ಜಗಳ ಅಲ್ಲೇ ಮುಗಿಯುತ್ತದೆ.

ಅಧಿಕಾರಿಗಳನ್ನು ಬೈಯುವ ಸುತ್ತು ಒಂದು ಬಂದೇ ಬರುತ್ತದೆ. ಐದು ನಿಮಿಷ ಬರಲಿ, ತಡೆದರೆ ಬೇರೆ ಕಡೆ ಉಕ್ಕುತ್ತದೆ. ಆಮೇಲೆ: ‘ಸರಿ, ಆ ಮೇಜಿನವರೇ ಈಗ ಇಲ್ಲಿ ಕೂತಿದ್ದಾರೆ ಅಂದ್ಕೊಳ್ಳಿ. ಒಂದೇ ಒಂದು ವಿಷಯ ಕೇಳಬಹುದು. ಏನು ಕೇಳ್ತೀರಿ?’ ಪಕ್ಷದ ಹೆಸರು ಬಂದಾಗಲೂ ಹೀಗೇ. ‘ನಿಮ್ಮವರು ಇದ್ದಾಗ ಏನು ಕಡಿದು ಕಟ್ಟೆ ಹಾಕಿದರು’ ಅನ್ನುವುದಕ್ಕೆ ಉತ್ತರ ಕೊಡಲು ಹೋದರೆ ಚರ್ಚೆ ಟಿವಿಯದಾಗುತ್ತದೆ. ಕೆಲಸ ಎಲ್ಲಿಗೆ ಬಂದು ನಿಂತಿದೆ ಅನ್ನುವ ಕಡೆಗೆ ಮಾತು ತಿರುಗಿಸಿ.

ಚುನಾಯಿತ ಪ್ರತಿನಿಧಿಯನ್ನು ಕರೆಯಬೇಕೇ? ಮೊದಲ ಕೂಟಕ್ಕೆ ಬೇಡ. ಅವರು ಬಂದು ಕೂತ ಕ್ಷಣ ಎಲ್ಲ ಕುರ್ಚಿಗಳೂ ಅವರ ಕಡೆ ತಿರುಗುತ್ತವೆ, ಜನ ಒಬ್ಬರಿಗೊಬ್ಬರು ಮಾತಾಡುವುದು ನಿಂತು ಅಹವಾಲು ಸಲ್ಲಿಕೆ ಶುರುವಾಗುತ್ತದೆ. ನಿಮ್ಮ ಮೂರು ಪಟ್ಟಿ ಸಿದ್ಧವಾದ ಮೇಲೆ ಎರಡನೇ ಕೂಟದ ಕೊನೆಯ ಅರ್ಧ ಗಂಟೆಗೆ ಕರೆಯಿರಿ, ಪ್ರಶ್ನೆಗಳನ್ನು ಬರೆದು ಮೊದಲೇ ಕಳಿಸಿ. ಚುನಾವಣೆ ಹತ್ತಿರ ಇದ್ದರೆ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಮಾತ್ರ ಕರೆಯುವುದು ಅಪಾಯ. ಕರೆದರೆ ಎಲ್ಲರನ್ನೂ, ಇಲ್ಲದಿದ್ದರೆ ಯಾರನ್ನೂ ಬೇಡ.

ಆಮೇಲೆ

ಟಿಪ್ಪಣಿಯನ್ನು ಅದೇ ರಾತ್ರಿ ಬರೆದು ಮುಗಿಸಬೇಕು. ಮೂರು ಚಾರ್ಟ್ ಶೀಟುಗಳ ಫೋಟೋ ತೆಗೆದುಕೊಂಡಿದ್ದರೆ ಅರ್ಧ ಗಂಟೆಯ ಕೆಲಸ. ಒಂದೇ ಪುಟ, ಯಾರ ಹೆಸರೂ ಇಲ್ಲದೆ. ಮರುದಿನ ಎಲ್ಲರಿಗೂ ಕಳಿಸಿ, ತಿದ್ದುಪಡಿಗೆ ಎರಡು ದಿನ ಕೊಡಿ. ಇಲ್ಲಿ ಬರುವ ತಕರಾರುಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. ‘ನಾವು ಹಾಗೆ ಒಪ್ಪಿರಲಿಲ್ಲ’ ಅನ್ನುವುದು ಕಚೇರಿಗೆ ಪತ್ರ ಹೋದ ಮೇಲೆ ಬಂದರೆ ಇಡೀ ಗುಂಪಿನ ಮಾತಿಗೆ ಬೆಲೆ ಹೋಗುತ್ತದೆ.

ಕಚೇರಿಗೆ ಬರೆಯುವ ಪತ್ರದಲ್ಲಿ ಒಂದೇ ಕೋರಿಕೆ ಇರಲಿ. ಐದು ಕೇಳಿದರೆ ಅವುಗಳಲ್ಲಿ ಸುಲಭವಾದ ಒಂದಕ್ಕೆ ಉತ್ತರ ಬರೆದು ಕಡತ ಮುಚ್ಚುತ್ತಾರೆ. ಟಿಪ್ಪಣಿಯ ಪುಟವನ್ನು ಲಗತ್ತಿಸಿ, ಒಪ್ಪದೆ ಉಳಿದದ್ದೂ ಅದರಲ್ಲಿ ಕಾಣಲಿ. ನಮ್ಮೊಳಗೇ ವಿರೋಧವಿದೆ ಅಂತ ತಾವಾಗಿ ಹೇಳಿಕೊಂಡವರ ಉಳಿದ ಮಾತನ್ನು ಅಧಿಕಾರಿಗಳು ಹೆಚ್ಚು ನಂಬುತ್ತಾರೆ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಬ್ಬರ ಬಳಿ ಇಡಿ. ಯಾರು, ಯಾವ ತಾರೀಖಿಗೆ ಮತ್ತೆ ವಿಚಾರಿಸುತ್ತಾರೆ ಅನ್ನುವುದು ಕೂಟದ ಕೊನೆಯ ಐದು ನಿಮಿಷದಲ್ಲೇ ಹೆಸರಿನ ಸಮೇತ ನಿಗದಿಯಾಗಿರಬೇಕು. ‘ನಾವೆಲ್ಲ ಸೇರಿ ನೋಡಿಕೊಳ್ಳೋಣ’ ಅಂದದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ.

ಕೂಟ ಮುಗಿದ ಖುಷಿಯಲ್ಲಿ ವಾಟ್ಸ್ಆ್ಯಪ್ ಗುಂಪು ಮಾಡಿಬಿಡುವುದು ಎಲ್ಲರಿಗೂ ಬರುವ ಆಸೆ. ಮಾಡಿದರೆ ಅಡ್ಮಿನ್ ಮಾತ್ರ ಬರೆಯುವಂತೆ ಇಟ್ಟುಬಿಡಿ. ಎದುರು ಬದುರು ಕೂತು ಎರಡು ನಿಮಿಷ ಮಿತಿಯಲ್ಲಿ ಮಾತಾಡಿದವರೇ ಅಲ್ಲಿ ರಾತ್ರಿ ಹನ್ನೊಂದಕ್ಕೆ ಬೇರೆ ಮನುಷ್ಯರಾಗುತ್ತಾರೆ, ಕೂಟದಲ್ಲಿ ಬಗೆಹರಿದದ್ದು ಮೂರು ದಿನದಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತದೆ.

ಮುಂದಿನ ಕೂಟವನ್ನು ತಿಂಗಳಿಗೊಮ್ಮೆ ಅಂತ ಗೊತ್ತು ಮಾಡಿಕೊಳ್ಳುವುದು ನನಗೆ ಸರಿಕಾಣದು. ವಿಷಯವಿಲ್ಲದೆ ಸೇರಿದ ಎರಡು ತಿಂಗಳಲ್ಲಿ ಅದು ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳಿರುವ ಸಂಘವಾಗುತ್ತದೆ, ಬರುವವರು ಅದೇ ಆರು ಜನರಾಗುತ್ತಾರೆ. ಕಚೇರಿಯಿಂದ ಉತ್ತರ ಬಂದಾಗ, ‘ವಿಚಾರಿಸಬೇಕಾದದ್ದು’ ಪಟ್ಟಿಯ ಮಾಹಿತಿ ಕೈಗೆ ಸಿಕ್ಕಾಗ, ಅಥವಾ ಹೊಸ ಪ್ರಸ್ತಾವವೊಂದಕ್ಕೆ ತಾರೀಖು ಬಿದ್ದಾಗ ಕರೆಯಿರಿ. ಪ್ರತಿ ಸಲ ಕರೆಯುವಾಗ ಆ ನಾಲ್ಕು ಸಾಲಿನ ಹಾಳೆಯನ್ನು ಹೊಸದಾಗಿ ಬರೆಯಿರಿ, ಹಳೆಯ ಪಟ್ಟಿಯನ್ನು ನಕಲು ಮಾಡಬೇಡಿ. ನಡೆಸುವ ಕುರ್ಚಿಗೆ ಹಿಂದಿನ ಸಲ ಟಿಪ್ಪಣಿ ಬರೆದವರನ್ನೇ ಕೂರಿಸಿ; ಯಾರ ಮಾತು ಎಲ್ಲಿ ಉದ್ದವಾಗುತ್ತದೆ, ಯಾರು ಕೇಳಿದರೆ ಮಾತ್ರ ಹೇಳುತ್ತಾರೆ ಅನ್ನುವುದನ್ನು ಅವರು ಒಂದು ಸಲ ಬರೆದೇ ಕಲಿತಿರುತ್ತಾರೆ.